ಪರ್ಣಶಾಲೆಗಳ ವಾರ: ಜೆರುಸಲೇಮಿನ ಸುಕ್ಕೋತ್

ಹಳೆಯ ಇಸ್ರೇಲಿನಲ್ಲಿ ವರ್ಷಕ್ಕೆ ಮೂರು ಸಲ ಜನ ಜೆರುಸಲೇಮಿಗೆ ಬರಬೇಕಿತ್ತು. ಮೂರೂ ಬೆಳೆಯ ಹಬ್ಬಗಳೇ. ಜವೆಗೋದಿಯ ಮೊದಲ ಸಿವುಡಿನ ಹೊತ್ತಿಗೆ ಪಸ್ಕ, ಗೋಧಿ ಕೊಯ್ಲಿಗೆ ಶಾವುಓತ್, ದ್ರಾಕ್ಷಿ, ಅಂಜೂರ, ಆಲಿವ್ ಎಲ್ಲ ಮನೆ ಸೇರುವ ಹೊತ್ತಿಗೆ ಸುಕ್ಕೋತ್, ಅಂದರೆ ಗುಡಿಸಲು ಕಟ್ಟಿ ಆಚರಿಸುವ ಯೆಹೂದ್ಯರ ಪರ್ಣಶಾಲೆಗಳ ಹಬ್ಬ. ಮೊದಲ ಎರಡು ಹಬ್ಬಗಳು ಕ್ರೈಸ್ತರ ಪಂಚಾಂಗಕ್ಕೂ ಬಂದವು. ಪಸ್ಕದ ಜಾಗದಲ್ಲಿ ಈಸ್ಟರ್ ಬಂತು. ಸತ್ತು ಎದ್ದು ಬಂದ ಕ್ರಿಸ್ತನನ್ನು ಅಪೊಸ್ತಲ ಪೌಲ ಪ್ರಥಮಫಲ ಎಂದು ಕರೆದದ್ದು ಆ ಮೊದಲ ಸಿವುಡನ್ನು ಮನಸ್ಸಿನಲ್ಲಿಟ್ಟುಕೊಂಡೇ. ಶಾವುಓತ್ ಪಂಚಾಶತ್ತಮ, ಅಂದರೆ ಪೆಂಟೆಕೋಸ್ಟ್ ಆಯಿತು. ಮೂರನೆಯದು ಮಾತ್ರ ಬರಲೇ ಇಲ್ಲ.

ನಾನು ಹುಟ್ಟಿ ಬೆಳೆದದ್ದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚಿನಲ್ಲಿ. ಬೆಳೆ ಹಬ್ಬ ಅಂದರೆ ನಮಗೆ ಕುಂಬಳಕಾಯಿ, ಬಾಳೆಗೊನೆ ಹರಾಜು. ಬೈಬಲಿನಲ್ಲಿ ಓದಿದ ಪರ್ಣಶಾಲೆಗಳ ಹಬ್ಬಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಯಾರೂ ಹೇಳಿರಲಿಲ್ಲ. ಹೋಗಿ ನೋಡೋಣ ಎಂದು ಹೊರಟಾಗ ಅಕ್ಕನೂ ಜೊತೆಯಾದಳು. ಅವಳು ಭಾನುವಾರದ ಶಾಲೆಯಲ್ಲಿ ಪಾಠ ಹೇಳುವವಳು. ಹಳೆಯ ಒಡಂಬಡಿಕೆಯ ಪ್ರತಿ ಕಂಬದ ಹಿಂದೆಯೂ ಅವಳಿಗೆ ಕ್ರಿಸ್ತ ಕಾಣುತ್ತಾನೆ. ನನಗೆ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಇಡೀ ವಾರ ನಮ್ಮ ಜಗಳ ಇದೇ.

ಭಾನುವಾರ, ಮಾರುಕಟ್ಟೆ

2019ರ ಅಕ್ಟೋಬರ್ 13. ಸೂರ್ಯ ಮುಳುಗಿದರೆ ಹಬ್ಬ ಶುರು. ಬೆಳಿಗ್ಗೆ ಬಂದಿಳಿದು ಸಾಮಾನು ರೂಮಿಗೆ ಹಾಕಿ ನೇರ ಮಹಾನೆ ಯೆಹುದಾ ಮಾರುಕಟ್ಟೆಗೆ ಹೋದೆವು. ಮಧ್ಯಾಹ್ನ ಕಳೆದ ಮೇಲೆ ಬಸ್ಸೂ ಇಲ್ಲ, ಅಂಗಡಿಯೂ ಇಲ್ಲ. ಮರುದಿನವೂ ಹಾಗೇ. ಹಬ್ಬದ ಹಿಂದಿನ ದಿನ ಬರುವವರು ಮೊದಲು ಬ್ರೆಡ್ಡು, ಹಣ್ಣು, ಮೊಸರು ತೆಗೆದಿಟ್ಟುಕೊಳ್ಳಬೇಕು. ಊರು ನೋಡುವುದು ಆಮೇಲೆ.

ಮಾರುಕಟ್ಟೆಯಲ್ಲಿ ಜನ ಖರೀದಿಸುತ್ತಿದ್ದದ್ದು ನಾಲ್ಕು ವಸ್ತು. ಬೈಬಲಿನ ಯಾಜಕಕಾಂಡದ 23ನೇ ಅಧ್ಯಾಯದಲ್ಲಿ ಹಬ್ಬಕ್ಕೆ ಹೇಳಿದವು. ಇನ್ನೂ ಬಿಚ್ಚದ ಖರ್ಜೂರದ ಗರಿ, ಅದು ಲುಲಾವ್. ಮಿರ್ಟಲ್ ಗಿಡದ ಮೂರು ರೆಂಬೆ. ನೀರವಂಜಿಯ ಎರಡು ರೆಂಬೆ. ನಾಲ್ಕನೆಯದು ಎತ್ರೋಗ್. ನಮ್ಮ ಮಾದಳ ಹಣ್ಣಿನ ಜಾತಿಯೇ. ನಾವು ಉಪ್ಪಿನಕಾಯಿ ಹಾಕುವ ಹಣ್ಣನ್ನು ಇಲ್ಲಿ ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಮಾರುತ್ತಾರೆ. ಒಬ್ಬ ಹುಡುಗ ಭೂತಗನ್ನಡಿ ಹಿಡಿದು ಒಂದೊಂದೇ ಹಣ್ಣಿನ ಸಿಪ್ಪೆ ನೋಡುತ್ತಿದ್ದ. ಕಲೆ ಇರಬಾರದು. ತುದಿಯಲ್ಲಿ ಸಣ್ಣ ಮೊಳಕೆಯಂಥದ್ದು ಇದ್ದರೆ ಅದು ಮುರಿದಿರಬಾರದು. ಹತ್ತಾರು ನೋಡಿ, ಒಂದೂ ಸರಿ ಇಲ್ಲ ಎಂದು ಪಕ್ಕದ ಅಂಗಡಿಗೆ ಹೋದ. ಅಂಗಡಿಯವನಿಗೆ ಬೇಜಾರೇ ಇಲ್ಲ.

"ಮೂರು ಮಿರ್ಟಲ್ ರೆಂಬೆ. ತ್ರಿಯೇಕ ದೇವರು," ಅಂದಳು ಅಕ್ಕ.

"ನೀರವಂಜಿ ಎರಡೇ ಇದೆಯಲ್ಲ?"

ಅಕ್ಕ ದಾಳಿಂಬೆ ರಸದ ಅಂಗಡಿ ಕಡೆ ನಡೆದಳು.

ಸಂಜೆ ರೂಮಿಗೆ ನಡೆಯುವಾಗ ಎಲ್ಲೆಲ್ಲೂ ಸುತ್ತಿಗೆಯ ಸದ್ದು. ಬಾಲ್ಕನಿ, ಅಂಗಳ, ಹೋಟೆಲಿನ ಮುಂದಿನ ಫುಟ್‌ಪಾತ್, ಎಲ್ಲ ಕಡೆ ಗುಡಿಸಲು ಏಳುತ್ತಿದೆ. ಸುಕ್ಕಾ ಅನ್ನುವುದು ಇದಕ್ಕೇ. ಗೋಡೆ ಬಟ್ಟೆಯದಾದರೂ ಆಯಿತು, ಹಲಗೆಯದಾದರೂ ಆಯಿತು. ಮಾಡು ಮಾತ್ರ ಕಡಿದ ಸೊಪ್ಪು, ಗರಿ, ಬಿದಿರಿನದ್ದೇ ಆಗಬೇಕು. ಮೇಲೆ ಆಕಾಶ ಬಿಟ್ಟು ಬೇರೇನೂ ಇರಬಾರದು. ಈ ಊರಿನ ಎಷ್ಟೋ ಕಟ್ಟಡಗಳಲ್ಲಿ ಬಾಲ್ಕನಿಗಳು ಒಂದರ ಮೇಲೊಂದು ಬರದಂತೆ ಸರಿಸರಿದು ನಿಂತಿರುವುದು ಅದಕ್ಕೇ.

ಸೋಮವಾರ, ಸುಕ್ಕಾದೊಳಗೆ ಊಟ

ನಾವು ಉಳಿದ ಮನೆಯ ಯಜಮಾನಿ ತನ್ನ ಚಿಕ್ಕಪ್ಪನ ಮನೆಗೆ ಊಟಕ್ಕೆ ಕರೆದಳು. ಚಿಕ್ಕಪ್ಪ ಬಾಗ್ದಾದಿನಲ್ಲಿ ಹುಟ್ಟಿದವರು, ಚಿಕ್ಕವರಿದ್ದಾಗಲೇ ಇಲ್ಲಿಗೆ ಬಂದವರು. ಸುಕ್ಕಾದ ಮಾಡಿನಿಂದ ದಾಳಿಂಬೆ, ಮಕ್ಕಳು ಮಾಡಿದ ಕಾಗದದ ಸರ, ಒಣಗಿದ ಕುಂಬಳ ನೇತಾಡುತ್ತಿದ್ದವು. ಊಟಕ್ಕೆ ಬೆಂಡೆಕಾಯಿ ಹಾಕಿದ ಹುಳಿ ಸಾರಿನಲ್ಲಿ ತೇಲುವ ಕುಬ್ಬೆ, ಅಂದರೆ ಒಳಗೆ ಮಾಂಸ ತುಂಬಿದ ರವೆಯ ಉಂಡೆ. ಬೆಂಡೆಕಾಯಿ ನೋಡಿ ಅಕ್ಕನ ಮುಖ ಅರಳಿತು. ಅಷ್ಟರಲ್ಲಿ ಗಾಳಿ ಬೀಸಿ ಮಾಡಿನಿಂದ ಒಂದು ಹಿಡಿ ಒಣ ಎಲೆ ಸಾರಿನ ಪಾತ್ರೆಗೆ ಬಿತ್ತು. ಯಾರೂ ಗಾಬರಿಯಾಗಲಿಲ್ಲ. ಯಜಮಾನರು ಸೌಟಿನಲ್ಲಿ ಎಲೆ ತೆಗೆದು ಬದಿಗಿಟ್ಟು ಬಡಿಸುವುದನ್ನು ಮುಂದುವರಿಸಿದರು.

ಅವತ್ತು ಬೆಳಿಗ್ಗೆ ಸಿನಗಾಗಿನಲ್ಲಿ, ಅಂದರೆ ಯೆಹೂದ್ಯರ ಪ್ರಾರ್ಥನಾಮಂದಿರದಲ್ಲಿ, ಪ್ರವಾದಿ ಜೆಕರ್ಯನ 14ನೇ ಅಧ್ಯಾಯ ಓದಿದ್ದರು. ಸುಕ್ಕೋತ್‌ನ ಮೊದಲ ದಿನದ ಪಾಠ ಅದು. ಎಲ್ಲ ಜನಾಂಗಗಳೂ ಒಂದು ದಿನ ಈ ಹಬ್ಬಕ್ಕೆ ಜೆರುಸಲೇಮಿಗೆ ಬರುತ್ತವೆ, ಜೆರುಸಲೇಮಿನಿಂದ ಜೀವಜಲ ಹರಿಯುತ್ತದೆ, ಬಾರದವರಿಗೆ ಮಳೆ ಇಲ್ಲ ಎಂದು ಅದರಲ್ಲಿದೆ. ಅಕ್ಕನಿಗೆ ಇದೇ ಸಾಕಾಯಿತು. ಯೋಹಾನನ ಸುವಾರ್ತೆಯ 7ನೇ ಅಧ್ಯಾಯ ತೆಗೆದಳು. ಇದೇ ಹಬ್ಬದ ಕೊನೆಯ ದಿನ ಯೇಸು ದೇವಾಲಯದಲ್ಲಿ ನಿಂತು, ಬಾಯಾರಿದವರು ನನ್ನ ಹತ್ತಿರ ಬಂದು ಕುಡಿಯಲಿ ಎಂದು ಕೂಗಿದ್ದನ್ನು ವಿವರಿಸಿದಳು. ಆತ ಹೇಳಿದ ಜೀವಜಲದ ಹೊಳೆ ಜೆಕರ್ಯನದ್ದೇ ಅಂದಳು.

ಯಜಮಾನರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಗುತ್ತಾ, "ನೀವು ನೀರನ್ನ ತಕ್ಷಣ ಇನ್ನೇನೋ ಮಾಡಿಬಿಡ್ತೀರಿ. ನಮಗೆ ಅದು ಮೊದಲು ಮಳೆ. ಏಪ್ರಿಲಿನಿಂದ ಇಲ್ಲಿ ಮಳೆ ಅನ್ನೋದೇ ಬಂದಿಲ್ಲ. ಈ ಚಳಿಗಾಲದಲ್ಲಿ ಬರದಿದ್ದರೆ ಗಲಿಲಾಯ ಸರೋವರ ಎಷ್ಟು ಇಳೀತು ಅಂತ ದಿನಾ ಪೇಪರಿನಲ್ಲಿ ನೋಡ್ತಾ ಕೂರಬೇಕು," ಅಂದರು.

ನನಗೆ ಈ ಮಾತು ಹಿಡಿಸಿತು. ಅಕ್ಕನಿಗೆ ಅಷ್ಟಾಗಿ ಹಿಡಿಸಲಿಲ್ಲ.

ಮಂಗಳವಾರ, ಸಿಲೋವ

ನೀರಿನ ಮಾತು ಬಂದ ಮೇಲೆ ನೀರನ್ನೇ ನೋಡಬೇಕಲ್ವಾ. ಜೆರುಸಲೇಮಿನಲ್ಲಿ ಯೆಹೂದ್ಯರ ದೇವಾಲಯ ಇದ್ದ ಕಾಲದಲ್ಲಿ ಹಬ್ಬದ ಏಳೂ ದಿನ ಯಾಜಕರು ಸಿಲೋವ ಕೊಳದಿಂದ ಚಿನ್ನದ ಹೂಜಿಯಲ್ಲಿ ನೀರು ತುಂಬಿ, ತುತೂರಿ ಊದುತ್ತಾ ಮೇಲೆ ಒಯ್ದು, ಬಲಿಪೀಠದ ಮೇಲೆ ದ್ರಾಕ್ಷಾರಸದ ಜೊತೆಗೆ ಸುರಿಯುತ್ತಿದ್ದರು. ಯೆಹೂದ್ಯರ ಹಳೆಯ ಧರ್ಮವಿಧಿಗಳ ಸಂಗ್ರಹವಾದ ಮಿಶ್ನಾದಲ್ಲಿ ಇದರ ವಿವರ ಇದೆ. ಬರುವ ಮಳೆಗಾಲಕ್ಕೆ ನೀರು ಬೇಡುವ ವಿಧಿ ಇದು. ಯೇಸು ಕೂಗಿದ್ದು ಈ ನೀರಿನ ಎದುರಿಗೆ.

ಕೊಳಕ್ಕೆ ಹೋಗುವ ಚಂದದ ದಾರಿ ಹಿಜ್ಕೀಯ ರಾಜನ ಸುರಂಗ. ಗೀಹೋನ್ ಬುಗ್ಗೆಯಿಂದ ಶುರುವಾಗಿ 533 ಮೀಟರ್ ಬಂಡೆಯೊಳಗೆ ಹೋಗುತ್ತದೆ. ಸುಮಾರು 2700 ವರ್ಷ ಹಳೆಯದು. ಇವತ್ತಿಗೂ ನೀರು ಹರಿಯುತ್ತದೆ. ಮೊದಲು ತೊಡೆಯವರೆಗೆ, ಆಮೇಲೆ ಮೊಣಕಾಲಿನವರೆಗೆ. ಒಳಗೆ ಒಂದೂ ದೀಪ ಇಲ್ಲ. ಹಬ್ಬದ ರಜೆಯ ದಿನವಾದ್ದರಿಂದ ಹಿಂದೆ ಮುಂದೆ ಮಕ್ಕಳ ಗುಂಪು, ಹಾಡು, ಕಿರುಚಾಟ. ಒಂದು ಕಡೆ ಗೋಡೆ ಎಷ್ಟು ಕಿರಿದು ಅಂದರೆ ನನ್ನ ಬ್ಯಾಗು ಸಿಕ್ಕಿಹಾಕಿಕೊಂಡಿತು. ಹಿಂದಿನ ಹುಡುಗ ಒದ್ದು ಬಿಡಿಸಿದ. ನಡುವಿನಲ್ಲಿ ನಮ್ಮ ಟಾರ್ಚೂ ಹೋಯಿತು. ಮುಂದಿನ ಕುಟುಂಬದ ಬೆಳಕಿನ ಬಾಲ ಹಿಡಿದೇ ನಡೆದೆವು. ರಬ್ಬರ್ ಚಪ್ಪಲಿ ಹಾಕಿದವರದ್ದು ನೀರಲ್ಲಿ ತೇಲಿಹೋಗುತ್ತದೆ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ಲೇ ಸರಿ. ರಜೆಯ ದಿನಗಳಲ್ಲಿ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿಬಿಡಬೇಕು.

ಹೊರಗೆ ಬಂದರೆ ಮುರಿದ ಕಂಬಗಳಿರುವ ಒಂದು ಸಣ್ಣ ಕೊಳ. ನೂರಾರು ವರ್ಷ ಯಾತ್ರಿಕರು ಇದನ್ನೇ ಸಿಲೋವ ಎಂದುಕೊಂಡಿದ್ದರು. 2004ರಲ್ಲಿ ಚರಂಡಿ ಪೈಪು ಸರಿ ಮಾಡಲು ಅಗೆದಾಗ ಕೆಲವೇ ಹೆಜ್ಜೆ ಕೆಳಗೆ ಕಲ್ಲಿನ ಮೆಟ್ಟಿಲುಗಳು ಸಿಕ್ಕವು. ಯೇಸುವಿನ ಕಾಲದ ಕೊಳ ಅಲ್ಲಿತ್ತು. ನಾವು ನೋಡಿದಾಗ ಒಂದು ಅಂಚಿನ ಮೆಟ್ಟಿಲಷ್ಟೇ ಹೊರಗಿತ್ತು. ಉಳಿದದ್ದು ಗ್ರೀಕ್ ಆರ್ಥಡಾಕ್ಸ್ ಚರ್ಚಿಗೆ ಸೇರಿದ ಹಣ್ಣಿನ ತೋಟದ ಅಡಿಯಲ್ಲಿತ್ತು. ಅಕ್ಕ ಮೆಟ್ಟಿಲ ಮೇಲೆ ಕೂತು ಯೋಹಾನನ 9ನೇ ಅಧ್ಯಾಯ ಓದಿದಳು. ಹುಟ್ಟು ಕುರುಡನಿಗೆ ಕಣ್ಣಿಗೆ ಮಣ್ಣು ಹಚ್ಚಿ, ಸಿಲೋವಕ್ಕೆ ಹೋಗಿ ತೊಳೆದುಕೋ ಎಂದು ಕಳಿಸಿದ ಕಥೆ. ಆ ಹೊತ್ತಿಗೆ ನಾನೂ ಜಗಳ ತೆಗೆಯಲಿಲ್ಲ.

ಇದೆಲ್ಲ ಇರುವುದು ಸಿಲ್ವಾನ್ ಎಂಬ ಪ್ಯಾಲೆಸ್ಟೀನಿಯರ ಬಡಾವಣೆಯಲ್ಲಿ. ನಾವು ನೀರು ಕೊಳ್ಳಲು ನಿಂತಾಗ ಅಂಗಡಿಯಾತ, ನೆಲದಡಿಯ ಉತ್ಖನನದಿಂದ ಆದದ್ದು ಎಂದು ತನ್ನ ಗೋಡೆಯ ಬಿರುಕು ತೋರಿಸಿದ. "ಅವರು ಕೆಳಗೆ ಅವರ ಹಳೇ ರಸ್ತೆ ಹುಡುಕ್ತಾರೆ, ಮೇಲೆ ನಮ್ಮ ಮನೆ ಬಾಯಿ ಬಿಡುತ್ತೆ," ಅಂದ. ಯಾತ್ರಿಕರ ಕೈಪಿಡಿಗಳಲ್ಲಿ ಈ ಮಾತು ಇರುವುದಿಲ್ಲ. ಬರುವವರು ಕೇಳಿಸಿಕೊಂಡು ಹೋಗಬೇಕು ಅಂತ ನನ್ನ ಅಭಿಪ್ರಾಯ.

ರಾತ್ರಿ ಕಟ್ಟಾ ಸಂಪ್ರದಾಯಸ್ಥ ಯೆಹೂದ್ಯರ ಬಡಾವಣೆಯಾದ ಮೇಆ ಶೆಆರಿಮ್ ಕಡೆ ಹೋದೆವು. ತುಂಬುತೋಳು, ಉದ್ದ ಲಂಗ ಇಲ್ಲದೆ ಹೆಂಗಸರು ಅಲ್ಲಿಗೆ ಹೋಗಬಾರದು. ಫೋಟೋ ತೆಗೆಯದಿದ್ದರೆ ಇನ್ನೂ ಒಳ್ಳೆಯದು. ನೀರು ತುಂಬುವ ಆ ಹಳೆಯ ಸಂಭ್ರಮದ ನೆನಪಿಗೆ ಗಂಡಸರು ಬೆಳಗಿನವರೆಗೆ ಕುಣಿಯುತ್ತಾರೆ. ಹೆಂಗಸರಿಗೆ ಬೇರೆ ಜಾಗ. ದೇವಾಲಯದ ಕಾಲದಲ್ಲಿ ಹೆಂಗಸರ ಅಂಗಳದಲ್ಲಿ ದೊಡ್ಡ ಚಿನ್ನದ ದೀಪಸ್ತಂಭಗಳನ್ನು ಹಚ್ಚುತ್ತಿದ್ದರಂತೆ. ಬತ್ತಿಗೆ ಯಾಜಕರ ಹರಿದ ಹಳೆಯ ಚಡ್ಡಿ, ನಡುಪಟ್ಟಿ! ಆ ಬೆಳಕು ಬೀಳದ ಅಂಗಳವೇ ಜೆರುಸಲೇಮಿನಲ್ಲಿ ಇರಲಿಲ್ಲ ಎನ್ನುತ್ತದೆ ಮಿಶ್ನಾ. ಧರ್ಮಗುರು ರಬ್ಬಾನ್ ಶಿಮೋನ್ ಬೆನ್ ಗಮಲಿಯೇಲ್ ಎಂಟು ಪಂಜುಗಳನ್ನು ಒಟ್ಟಿಗೆ ಎಸೆದು ಹಿಡಿಯುತ್ತಿದ್ದ ಎನ್ನುತ್ತದೆ ಮಿಶ್ನಾವನ್ನು ಚರ್ಚಿಸುವ ಗ್ರಂಥ ತಾಲ್ಮುದ್. ಯೋಹಾನನ 8ನೇ ಅಧ್ಯಾಯದಲ್ಲಿ ಯೇಸು ತನ್ನನ್ನು ಲೋಕಕ್ಕೆ ಬೆಳಕು ಎಂದು ಕರೆದುಕೊಳ್ಳುವುದು ಇದೇ ಹಬ್ಬದ ಬೆನ್ನಿಗೇ. ಹಳೇ ಚಡ್ಡಿಯ ಬತ್ತಿ ಗೊತ್ತಾದ ಮೇಲೆ ನನಗೆ ಆ ವಾಕ್ಯ ಇನ್ನೂ ಹತ್ತಿರವಾಯಿತು.

ಬುಧವಾರ ಮತ್ತು ಗುರುವಾರ, ಜನಜಾತ್ರೆ

ಬುಧವಾರ, ಹಳೆಯ ದೇವಾಲಯದ ಆವರಣದಲ್ಲಿ ಉಳಿದಿರುವ ಪಶ್ಚಿಮ ಗೋಡೆಯ ಹತ್ತಿರ ಯಾಜಕ ವಂಶದವರ ಆಶೀರ್ವಾದ. ನೂರಾರು ಜನ ತಲೆಯ ಮೇಲೆ ಬಿಳಿ ಶಾಲು ಎಳೆದುಕೊಂಡು ಒಟ್ಟಿಗೆ ಹೇಳುತ್ತಾರೆ. ಯೆಹೋವನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ ಎಂದು ನಮ್ಮ ಪಾದ್ರಿಗಳು ಆರಾಧನೆಯ ಕೊನೆಗೆ ಹೇಳುವುದೇ ಇದು. ನೂಕುನುಗ್ಗಲಿನಲ್ಲಿ ನಮಗೆ ಕೇಳಿಸಿದ್ದು ಅರ್ಧ. ಲುಲಾವ್ ತುದಿ ಕಣ್ಣಿಗೆ ಚುಚ್ಚದಂತೆ ತಪ್ಪಿಸಿಕೊಳ್ಳುವುದರಲ್ಲೇ ಉಳಿದರ್ಧ ಹೋಯಿತು.

ಗುರುವಾರದ್ದು ಬೇರೆಯೇ ಥರ. 1980ರಲ್ಲಿ ಇಸ್ರೇಲ್ ಸಂಸತ್ತು ಇಡೀ ಜೆರುಸಲೇಮನ್ನು ರಾಜಧಾನಿ ಎಂದು ಕಾನೂನು ಮಾಡಿದಾಗ ಅಲ್ಲಿದ್ದ 13 ದೇಶಗಳ ರಾಯಭಾರ ಕಚೇರಿಗಳು ಟೆಲ್ ಅವಿವಿಗೆ ಹೋದವು. ಅದೇ ವರ್ಷ ಸುಕ್ಕೋತ್ ಹೊತ್ತಿಗೆ ಇವ್ಯಾಂಜೆಲಿಕಲ್ ಕ್ರೈಸ್ತರು ಇಂಟರ್‌ನ್ಯಾಷನಲ್ ಕ್ರಿಶ್ಚಿಯನ್ ಎಂಬಸಿ ಜೆರುಸಲೇಮ್ ಎಂಬ ಸಂಸ್ಥೆ ತೆರೆದರು. ಅಂದಿನಿಂದ ಪ್ರತಿ ವರ್ಷ ಪರ್ಣಶಾಲೆಗಳ ಹಬ್ಬಕ್ಕೆ ನಾನಾ ದೇಶದ ಕ್ರೈಸ್ತರನ್ನು ಕರೆಸುತ್ತಾರೆ. ಅವರ ಆಧಾರವೂ ಜೆಕರ್ಯ 14. ಜನಾಂಗಗಳು ಬರುತ್ತವೆ ಎಂದಿದೆ, ಬಂದಿದ್ದೇವೆ, ಇಷ್ಟೇ ಅವರ ವಾದ.

ಮೆರವಣಿಗೆಯಲ್ಲಿ ಬ್ರೆಜಿಲ್, ಫಿಜಿ, ನೈಜೀರಿಯಾ, ನಾರ್ವೆ. ಬಾವುಟ, ಗರಿ, ಡೋಲು. ಭಾರತದ ಬಾವುಟ ಹಿಡಿದ ಗುಂಪೂ ಇತ್ತು. ಅಕ್ಕ ಓಡಿಹೋಗಿ ಸೇರಿಕೊಂಡಳು. ರಸ್ತೆ ಬದಿಯ ಮಕ್ಕಳಿಗೆ ಎಲ್ಲರೂ ಮಿಠಾಯಿ ಹಂಚುತ್ತಿದ್ದರು. ನನ್ನ ಪಕ್ಕದ ಹೆಂಗಸು ಖುಷಿಯಿಂದ ಕೈ ಬೀಸುತ್ತಿದ್ದಳು. "ಬರಲಿ, ಕುಣಿಯಲಿ. ನಮ್ಮನ್ನ ಮತಾಂತರ ಮಾಡಕ್ಕೆ ಬರದಿದ್ದರೆ ಸಾಕು," ಅಂದಳು. ಈ ಅನುಮಾನ ಅಲ್ಲಿ ತುಂಬಾ ಜನರಿಗಿದೆ.

ಹಳೆಯ ಪಟ್ಟಣದ ಕ್ರೈಸ್ತರ ಓಣಿಯಲ್ಲಿ ಎಳ್ಳು ಹಚ್ಚಿದ ಉದ್ದನೆ ಬ್ರೆಡ್ಡು, ಝಾತರ್ ಎಂಬ ಮಸಾಲೆ ಪುಡಿ ಮಾರುವವನಿಗೆ ಮೆರವಣಿಗೆಯ ಬಗ್ಗೆ ಕೇಳಿದೆ. ಅವನೂ ಕ್ರೈಸ್ತ, ಪ್ಯಾಲೆಸ್ಟೀನಿಯ. "ಅವರು ಎರಡು ಸಾವಿರ ವರ್ಷದ ಹಿಂದಿನವರನ್ನ ನೋಡಕ್ಕೆ ಬರ್ತಾರೆ. ನಾವು ಕಣ್ಣಿಗೆ ಬೀಳಲ್ಲ," ಅಂದ. 2006ರಲ್ಲಿ ಜೆರುಸಲೇಮಿನ ಕೆಲವು ಚರ್ಚುಗಳ ಮುಖ್ಯಸ್ಥರು ಸೇರಿ, ಇಸ್ರೇಲ್ ದೇಶವನ್ನು ಬೈಬಲಿನ ಭವಿಷ್ಯವಾಣಿಯ ನೆರವೇರಿಕೆ ಎಂದು ಬೆಂಬಲಿಸುವ ಕ್ರೈಸ್ತ ಝಿಯೋನಿಸಂ ತಪ್ಪು ಬೋಧನೆ ಎಂದು ಹೇಳಿಕೆ ಕೊಟ್ಟಿದ್ದರು. ಮೆರವಣಿಗೆ ನೋಡಲು ರಂಗಾಗಿತ್ತು. ಆದರೆ ಹಬ್ಬವನ್ನು ಭವಿಷ್ಯದ ವೇಳಾಪಟ್ಟಿ ಮಾಡಿಕೊಂಡವರ ಜೊತೆ ನನಗೆ ನಡೆಯಲಾಗಲಿಲ್ಲ. ಬದಿಯಲ್ಲೇ ನಿಂತೆ.

ಶುಕ್ರವಾರ, ತಾಬೋರ್ ಬೆಟ್ಟ

ಕಾರು ಮಾಡಿಕೊಂಡು ಗಲಿಲಾಯದ ಕಡೆ ಹೊರಟೆವು. ಶುಕ್ರವಾರ ಬಸ್ಸು ನಂಬಿದರೆ ಸಂಜೆ ವಾಪಸ್ ಬರುವುದು ಕಷ್ಟ. ಇಜ್ರೇಲ್ ಬಯಲಿನ ಪೂರ್ವದ ಅಂಚಿನಲ್ಲಿ ತಾಬೋರ್ ಒಂದೇ ಬೋಗುಣಿ ಕವುಚಿಟ್ಟ ಹಾಗೆ ನಿಂತಿದೆ. ಬುಡದಲ್ಲಿ ಶಿಬ್ಲಿ ಎಂಬ ಬೆದುಯಿನ್ ಹಳ್ಳಿ. ಅಲ್ಲಿಂದ ಮೇಲೆ ತಿರುವಿನ ಮೇಲೆ ತಿರುವು. ನಾಲ್ಕನೆಯ ತಿರುವಿಗೆ ಅಕ್ಕ ಕಾರು ನಿಲ್ಲಿಸು ಅಂದಳು. ಚಾಲಕ ಒಂದು ನಿಂಬೆಹಣ್ಣು ಕೊಟ್ಟು ಮೂಸಲು ಹೇಳಿದ. ಅವನ ಬಳಿ ಒಂದು ಚೀಲ ನಿಂಬೆಹಣ್ಣೇ ಇತ್ತು! ಮೇಲೆ ಹೋದರೆ ಚರ್ಚಿನ ಬಾಗಿಲು ಮಧ್ಯಾಹ್ನಕ್ಕೆ ಮುಚ್ಚಿತ್ತು. ಪೈನ್ ಮರದ ಕೆಳಗೆ ಮಾರುಕಟ್ಟೆಯಿಂದ ತಂದ ಅಂಜೂರ ತಿನ್ನುತ್ತಾ ಕಾದೆವು. ಅಕ್ಕನ ಹೊಟ್ಟೆಗೆ ಆ ಹೊತ್ತು ಬೇಕೂ ಆಗಿತ್ತು.

ಯೇಸುವಿನ ಮುಖ ಹೊಳೆದು, ಪ್ರಾಚೀನ ಪ್ರವಾದಿಗಳಾದ ಮೋಶೆ ಮತ್ತು ಎಲೀಯ ಬಂದು ನಿಂತರು ಎನ್ನುವ ಘಟನೆ ಈ ಬೆಟ್ಟದಲ್ಲಿ ಆಯಿತು ಎನ್ನುವುದು ಪರಂಪರೆ. ಸುವಾರ್ತೆಗಳು ಬೆಟ್ಟದ ಹೆಸರು ಹೇಳುವುದಿಲ್ಲ. ಆಗ ಶಿಷ್ಯ ಪೇತ್ರ ಮೂರು ಪರ್ಣಶಾಲೆ ಕಟ್ಟಲೇ ಎಂದು ಕೇಳುತ್ತಾನೆ. ವಾಸ್ತುಶಿಲ್ಪಿ ಅಂತೋನಿಯೊ ಬಾರ್ಲುಜ್ಜಿ 1924ರಲ್ಲಿ ಮುಗಿಸಿದ ಚರ್ಚಿನಲ್ಲಿ ಆ ಮೂರೂ ಇವೆ. ನಡುವೆ ಕ್ರಿಸ್ತನದ್ದು, ಎರಡು ಗೋಪುರಗಳ ಕೆಳಗೆ ಮೋಶೆ, ಎಲೀಯರ ಪುಟ್ಟ ಪ್ರಾರ್ಥನಾಲಯಗಳು. ಪೇತ್ರನಿಗೆ ಸಿಗದ ಅನುಮತಿ ಬಾರ್ಲುಜ್ಜಿಗೆ ಸಿಕ್ಕಿತು ಎಂದು ನಾನು ತಮಾಷೆ ಮಾಡಿದೆ.

ಚಿಕ್ಕವಳಿದ್ದಾಗ ಪೇತ್ರನ ಈ ಮಾತು ನನಗೆ ಪೆದ್ದುತನ ಅನಿಸುತ್ತಿತ್ತು. ಮಹಿಮೆ ಕಾಣಿಸುತ್ತಿರುವಾಗ ಯಾರಾದರೂ ಗುಡಿಸಲು ಕಟ್ಟುವ ಮಾತಾಡುತ್ತಾರಾ? ಊರಿಡೀ ಗುಡಿಸಲು ಕಟ್ಟಿ ಅತಿಥಿ ಕರೆಯುವುದನ್ನು ನೋಡಿದ ಮೇಲೆ ಹಾಗನಿಸಲಿಲ್ಲ. ಅಕ್ಕ ಇನ್ನೂ ಮುಂದೆ ಹೋದಳು. ಸೋಮವಾರದ ಊಟಕ್ಕೆ ಮೊದಲು ಯಜಮಾನರು ಅಬ್ರಹಾಮನಿಂದ ದಾವೀದನವರೆಗೆ ಏಳು ಪೂರ್ವಿಕರನ್ನು ಸುಕ್ಕಾದೊಳಗೆ ಕರೆದಿದ್ದರು, ಮೋಶೆಯೂ ಅವರಲ್ಲಿ ಒಬ್ಬ. ಪೇತ್ರ ಮಾಡಲು ಹೊರಟದ್ದೂ ಅದನ್ನೇ ಅಂದಳು. ಕೇಳಲು ಚೆನ್ನಾಗಿದೆ. ಆದರೆ ಪೂರ್ವಿಕರನ್ನು ಹಾಗೆ ಕರೆಯುವ ಪದ್ಧತಿ ಕಬ್ಬಾಲಾ ಎಂಬ ಯೆಹೂದ್ಯ ಅನುಭಾವಿ ಪಂಥದವರಿಂದ ಬಂದದ್ದು, ಪೇತ್ರನ ಕಾಲಕ್ಕಿಂತ ನೂರಾರು ವರ್ಷ ಈಚಿನದು. ಇಳಿಯುವಾಗ ಹೇಳಿದೆ. ಅಕ್ಕ ನಿಂಬೆಹಣ್ಣು ಮೂಸುತ್ತಿದ್ದಳು, ಉತ್ತರ ಬರಲಿಲ್ಲ.

ಶನಿವಾರ, ಬೇತ್ಫಗೆ

ಶನಿವಾರ ಸಬ್ಬತ್, ಯೆಹೂದ್ಯರ ವಿಶ್ರಾಂತಿಯ ದಿನ. ಅಂದು ಲುಲಾವ್ ಆಡಿಸುವುದಿಲ್ಲ. ಯೆಹೂದ್ಯರ ಭಾಗ ಪೂರ್ತಿ ನಿಶ್ಶಬ್ದ. ಅರಬರ ಕಡೆಯ ಬಸ್ಸು ಓಡುತ್ತದೆ, ಹಾಗಾಗಿ ಎಣ್ಣೆಮರಗಳ ಗುಡ್ಡಕ್ಕೆ ಹೋದೆವು. ಆಚೆ ಇಳಿಜಾರಿನಲ್ಲಿ ಬೇತ್ಫಗೆಯ ಪುಟ್ಟ ಚರ್ಚು. ಒಳಗೆ ಕ್ರುಸೇಡ್ ಕಾಲದ ಚಿತ್ರಗಳಿರುವ ಚೌಕ ಕಲ್ಲು. ಗರಿಗಳ ಭಾನುವಾರದ ಮೆರವಣಿಗೆ ಇಲ್ಲಿಂದಲೇ ಹೊರಡುವುದು. ನಾಲ್ಕನೇ ಶತಮಾನದಲ್ಲಿ ಬಂದ ಎಗೇರಿಯಾ ಎಂಬ ಯಾತ್ರಿಕಳು ಮಕ್ಕಳು ಖರ್ಜೂರ, ಆಲಿವ್ ಕೊಂಬೆ ಹಿಡಿದು ಈ ಗುಡ್ಡದಿಂದ ಇಳಿಯುವುದನ್ನು ಬರೆದಿಟ್ಟಿದ್ದಾಳೆ.

ಗರಿ, ಹೊಸನ್ನ ಎಂಬ ಕೂಗು, 118ನೇ ಕೀರ್ತನೆ, ಮೂರೂ ಸುಕ್ಕೋತ್‌ನಲ್ಲಿ ಇವೆ. ಯೇಸು ಪಟ್ಟಣಕ್ಕೆ ಬಂದಾಗ ಜನ ತಮಗೆ ಗೊತ್ತಿದ್ದ ಸಂಭ್ರಮವನ್ನೇ ವಸಂತಕ್ಕೆ ತಂದರು. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 7ನೇ ಅಧ್ಯಾಯದಲ್ಲಿ ಬಿಳಿ ಬಟ್ಟೆ ತೊಟ್ಟ ಜನಾಂಗಗಳ ಕೈಯಲ್ಲೂ ಖರ್ಜೂರದ ಗರಿ. ಸುಕ್ಕೋತ್ ಚರ್ಚಿಗೆ ಬರಲಿಲ್ಲ ಎಂದು ನಾನು ಹೇಳುತ್ತಾ ಬಂದಿದ್ದೆ. ಇಡಿಯಾಗಿ ಬರಲಿಲ್ಲ, ಅಷ್ಟೇ. ಗರಿ ಒಂದು ಕಡೆ, ಗುಡಿಸಲು ಒಂದು ಕಡೆ, ನೀರು ಬೆಳಕು ಇನ್ನೊಂದು ಕಡೆ ಚದುರಿ ಬಂದಿವೆ.

ಚರ್ಚಿನ ಅಂಗಳದಲ್ಲಿ ನಾವು ಕನ್ನಡದಲ್ಲಿ ಮಾತಾಡುವುದು ಕೇಳಿ ಒಬ್ಬಳು ಹತ್ತಿರ ಬಂದಳು. ಬಂಟ್ವಾಳದ ಕಡೆಯವಳು. ಮಂಗಳೂರು, ಉಡುಪಿಯ ಎಷ್ಟೋ ಜನರಂತೆ ಇಲ್ಲಿ ವೃದ್ಧರನ್ನು ನೋಡಿಕೊಳ್ಳುವ ಕೆಲಸ. ಶನಿವಾರ ರಜೆ. "ನಮ್ಮ ಅಜ್ಜಿಯನ್ನ ಗಾಲಿಕುರ್ಚಿಯಲ್ಲಿ ದಿನಾ ಸುಕ್ಕಾಕ್ಕೆ ಕರ್ಕೊಂಡು ಹೋಗ್ತೇನೆ. ಅಲ್ಲಿ ಕೂತರೆ ಮೊಂತಿ ಫೆಸ್ತ್ ನೆನಪಾಗ್ತದೆ," ಅಂದಳು. ಸೆಪ್ಟೆಂಬರ್ 8ಕ್ಕೆ ಕರಾವಳಿಯ ಕೊಂಕಣಿ ಕ್ಯಾಥೊಲಿಕರು ಕನ್ಯಾ ಮರಿಯಮ್ಮನ ಹುಟ್ಟುಹಬ್ಬ ಮಾಡುತ್ತಾರೆ. ಮಕ್ಕಳು ಹೂ ಎರಚುತ್ತಾರೆ, ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೆ ತರುತ್ತಾರೆ, ಅಂದು ಸಸ್ಯಾಹಾರದ ಊಟ. "ಹೊಸ ಅಕ್ಕಿ ಹಾಲಿಗೆ ಹಾಕಿ ಎಲ್ಲರೂ ಒಟ್ಟಿಗೆ ಉಣ್ಣಬೇಕು. ಇಲ್ಲಿ ನಾನೊಬ್ಬಳೇ." ಅಕ್ಕ ಬ್ಯಾಗಿನಿಂದ ಕೋಡುಬಳೆ ಪೊಟ್ಟಣ ತೆಗೆದು ಪೂರ್ತಿ ಅವಳಿಗೇ ಕೊಟ್ಟುಬಿಟ್ಟಳು. ನಮ್ಮ ಉಳಿದ ಪ್ರವಾಸಕ್ಕೆ ಇದ್ದದ್ದು ಅದೊಂದೇ.

ಕೊನೆಯ ದಿನಗಳು, ಮಳೆ

ಭಾನುವಾರ ಹೊಶಾನಾ ರಬ್ಬಾ, ಹಬ್ಬದ ಏಳನೆಯ ದಿನ. ಗೋಡೆಯ ಬಳಿ ಜನ ಏಳು ಸುತ್ತು ಬಂದು ನೀರವಂಜಿಯ ಕಂತೆಯನ್ನು ನೆಲಕ್ಕೆ ಬಡಿಯುತ್ತಾರೆ. ನೀರಿನ ದಡದಲ್ಲೇ ಬೆಳೆಯುವ ಗಿಡ ಅದು. ಎಲೆಗಳೆಲ್ಲ ಉದುರಿ ಅಂಗಳ ಹಸಿರಾಯಿತು. ಒಬ್ಬ ಅಜ್ಜ ಎಲೆ ಪೂರ್ತಿ ಹೋಗುವವರೆಗೂ ಬಿಡಲಿಲ್ಲ.

ಸೋಮವಾರ ಸಿನಗಾಗಿನಲ್ಲಿ ಬಿಳಿ ನಿಲುವಂಗಿ ತೊಟ್ಟವನು ಮಳೆಯ ಪ್ರಾರ್ಥನೆ ಹಾಡಿದ. ಅಬ್ರಹಾಮ, ಮೋಶೆ ಎಂದು ಒಬ್ಬೊಬ್ಬರ ಬದುಕಿನಲ್ಲಿ ನೀರು ಬಂದ ಸಂದರ್ಭ ನೆನೆದು, ಅವರಿಗಾಗಿ ನೀರು ತಡೆಯಬೇಡ ಎಂದು ಬೇಡುತ್ತಾರೆ. ನಾವು ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಊಟ ಹಾಕಿದ ಯಜಮಾನರು ಹೊರಗೆ ಬಂದು ಒಂದು ವಿಷಯ ಹೇಳಿದರು. ಇವತ್ತು ಮಳೆಯನ್ನು ಸ್ತುತಿಸುವುದಷ್ಟೇ. ಮಳೆ ಕೊಡು ಎಂದು ದಿನನಿತ್ಯದ ಪ್ರಾರ್ಥನೆಯಲ್ಲಿ ಕೇಳಲು ಶುರು ಮಾಡುವುದು ಇನ್ನೂ 15 ದಿನ ಬಿಟ್ಟು. ಹಬ್ಬಕ್ಕೆ ಬಂದ ಯಾತ್ರಿಕರಲ್ಲಿ ಕೊನೆಯವನು ಯೂಫ್ರೆಟಿಸ್ ನದಿಯವರೆಗೆ ಒದ್ದೆಯಾಗದೆ ತಲುಪಲಿ ಅಂತ. ಮಿಶ್ನಾದಲ್ಲಿ ರಬ್ಬಾನ್ ಗಮಲಿಯೇಲ್ ಮಾಡಿದ ತೀರ್ಮಾನವಂತೆ ಅದು. ದೇವಾಲಯ ಹೋಗಿ ಹತ್ತೊಂಬತ್ತು ಶತಮಾನ ಆದರೂ ಇಸ್ರೇಲಿನಲ್ಲಿ ಇವತ್ತಿಗೂ ಹಾಗೇ ಕಾಯುತ್ತಾರೆ.

"ನಿಮ್ಮ ವಿಮಾನ ಯಾವಾಗ?" ಎಂದು ಕೇಳಿದರು. ನಾಳೆ ಅಂದೆವು.

"ಹಾಗಾದ್ರೆ ನಿಮಗೇನೂ ತೊಂದರೆ ಇಲ್ಲ," ಅಂದರು.

ಅಕ್ಕ ಇದರಲ್ಲೂ ಏನಾದರೂ ಸಂಕೇತ ಹುಡುಕುತ್ತಾಳೆ ಎಂದು ಕಾದೆ. ಅವಳು ತಮ್ಮೂರಿನ ಬೆಳೆ ಹಬ್ಬದಲ್ಲಿ ಮಳೆಗೆ ಒಂದು ಪ್ರಾರ್ಥನೆಯೂ ಇಲ್ಲವಲ್ಲ, ಹರಾಜಿಗೆ ಮೊದಲು ಒಂದು ಸೇರಿಸಬಹುದಾ ಎಂದು ಪಾದ್ರಿಯವರಿಗೆ ಫೋನಿನಲ್ಲಿ ಬರೆಯುತ್ತಿದ್ದಳು.